ತಗಡಿನಲ್ಲಿ ಗಾಳಿಯ ದಾರಿ

(ದ್ವಿತೀಯ ಬಿ.ಎ. ವಿದ್ಯಾರ್ಥಿ)

ಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬನು ತಗಡು, ಕತ್ತರಿ, ಸುತ್ತಿಗೆಗಳನ್ನು ಕುರಿತು ಲೇಖನ ಬರೆಯಹೊರಟರೆ ಸಂಪಾದಕರಿಗೆ ಆಶ್ಚರ್ಯವಾಗಬಹುದು. ಸಹಪಾಠಿಗಳಿಗೆ ನಗುವೂ ಬರಬಹುದು. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ಗಣಿತಕ್ಕೂ ನನಗೂ ಇದ್ದ ಋಣ ಹತ್ತನೆಯ ತರಗತಿಯಲ್ಲಿಯೇ ಹರಿಯಿತೆಂದು ಭಾವಿಸಿದ್ದೆ. ಅದು ಹರಿದಿಲ್ಲವೆಂದು ತಿಳಿದದ್ದು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ. ಅಲ್ಲಿ ನನ್ನ ಸೋದರಮಾವನವರು ಹವಾನಿಯಂತ್ರಣಕ್ಕೆ ಬೇಕಾದ ಗಾಳಿಯ ಕೊಳವೆಗಳನ್ನು, ಅಂದರೆ ಕೆಲಸಗಾರರ ಮಾತಿನಲ್ಲಿ ‘ಡಕ್ಟು’ಗಳನ್ನು, ಕೈಯಿಂದ ತಯಾರಿಸುತ್ತಾರೆ. ಎರಡು ಬೇಸಿಗೆ ರಜೆಗಳಲ್ಲಿ ನಾನು ಅವರ ಬಳಿ ಕೆಲಸಕ್ಕೆ ನಿಂತಿದ್ದೆ. ಮೊದಲನೆಯ ವರ್ಷ, ರಜೆಯಲ್ಲಿ ಏನು ಮಾಡಿದೆಯೆಂದು ಗೆಳೆಯರು ಕೇಳಿದಾಗ ‘ಊರಿಗೆ ಹೋಗಿದ್ದೆ’ ಎಂದು ಸುಳ್ಳು ಹೇಳಿದೆ. ಈ ಲೇಖನ ಆ ಸುಳ್ಳಿಗೆ ಪ್ರಾಯಶ್ಚಿತ್ತವೂ ಹೌದು.

ಗಾಳಿಗೆ ದಾರಿ ಏಕೆ?

ದೊಡ್ಡ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸೆಯ ಕೊಠಡಿಯನ್ನಾಗಲಿ, ಚಿತ್ರಮಂದಿರವನ್ನಾಗಲಿ ನೆನೆಸಿಕೊಳ್ಳಿ. ಗಾಳಿಯನ್ನು ತಂಪುಮಾಡುವ ಯಂತ್ರ ಎಲ್ಲಿಯೋ ಮಹಡಿಯ ಮೇಲೆ ಅಥವಾ ಹಿಂದಿನ ಕೋಣೆಯಲ್ಲಿರುತ್ತದೆ. ತಂಪಾದ ಗಾಳಿ ಅಲ್ಲಿಂದ ನಾವು ಕುಳಿತಲ್ಲಿಗೆ ಬರಬೇಕು. ಬೆಚ್ಚಗಾದ ಗಾಳಿ ಮರಳಿ ಯಂತ್ರಕ್ಕೆ ಹೋಗಬೇಕು. ಈ ಹೋಗಿಬರುವ ದಾರಿಯೇ ಡಕ್ಟು. ಶೀತದೇಶಗಳ ಮನೆಗಳಲ್ಲಿ ಇಂತಹುದೇ ಕೊಳವೆಗಳು ನೆಲಮಾಳಿಗೆಯ ಕುಲುಮೆಯಿಂದ ಬಿಸಿಗಾಳಿಯನ್ನು ಕೋಣೆ ಕೋಣೆಗೂ ಒಯ್ಯುತ್ತವೆ. ನಮ್ಮ ನಾಡಿನಲ್ಲಿ ಆ ಪ್ರಮೇಯ ಕಡಿಮೆ. ಇಲ್ಲಿ ತಂಪಿನದೇ ಕೆಲಸ. ಚಾವಣಿಯ ಕೆಳಗೆ ಅಂದವಾದ ಹಲಗೆಯ ಮರೆ ಕಟ್ಟುವುದರಿಂದ ಈ ಕೊಳವೆಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಗಾಳಿಗೆ ದಾರಿ ಕಟ್ಟುವ ವಿದ್ಯೆ ಹೊಸದಲ್ಲ. ಪ್ರಾಚೀನ ರೋಮನರು ತಮ್ಮ ಸ್ನಾನಗೃಹಗಳ ನೆಲವನ್ನು ಗಿಡ್ಡ ಕಂಬಗಳ ಮೇಲೆ ಎತ್ತಿ ಕಟ್ಟಿ, ಅದರಡಿಯಲ್ಲಿ ಒಲೆಯ ಬಿಸಿಗಾಳಿಯನ್ನು ಹರಿಸುತ್ತಿದ್ದರು. ಗೋಡೆಗಳೊಳಗೂ ಟೊಳ್ಳು ಹೆಂಚುಗಳ ದಾರಿಯಿರುತ್ತಿತ್ತು. ಆಧುನಿಕ ಹವಾನಿಯಂತ್ರಣದ ಆರಂಭವನ್ನು ಸಾಮಾನ್ಯವಾಗಿ 1902ಕ್ಕೆ ಹೇಳುತ್ತಾರೆ. ಆ ವರ್ಷ ಅಮೆರಿಕದ ತರುಣ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ ಗಾಳಿಯ ತೇವವನ್ನು ಹತೋಟಿಯಲ್ಲಿಡುವ ಏರ್ಪಾಡನ್ನು ರೂಪಿಸಿದನು. ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಸರಿದುಹೋಗುತ್ತಿದ್ದುದೇ ಅಲ್ಲಿನ ತೊಂದರೆ. ಮನುಷ್ಯರ ಸುಖಕ್ಕಿಂತ ಮುಂಚೆ ಕಾಗದದ ಸುಖಕ್ಕಾಗಿ ಈ ವಿದ್ಯೆ ಹುಟ್ಟಿತೆಂಬುದು, ಪುಸ್ತಕಗಳ ನಡುವೆ ಬಾಳುವ ನಮ್ಮಂಥವರಿಗೆ ಸಂತೋಷದ ಸಂಗತಿಯೇ ಸರಿ.

ಕೊಳವೆಯ ಆಕಾರವನ್ನು ಮನಸ್ಸಿಗೆ ಬಂದಂತೆ ಇಡುವ ಹಾಗಿಲ್ಲ. ಒಂದು ಲೆಕ್ಕ ನೋಡಿ. 400 ಮಿ.ಮೀ. ಅಗಲ, 400 ಮಿ.ಮೀ. ಎತ್ತರವಿರುವ ಚೌಕ ಕೊಳವೆಯ ಸುತ್ತಳತೆ 1600 ಮಿ.ಮೀ. ಅದನ್ನೇ ಚಪ್ಪಟೆ ಮಾಡಿ 800ಕ್ಕೆ 200 ಎಂದು ಇಟ್ಟರೆ ಗಾಳಿ ಹಾಯುವ ಬಾಯಿಯ ವಿಸ್ತೀರ್ಣ ಅಷ್ಟೇ ಇದ್ದರೂ ಸುತ್ತಳತೆ 2000 ಆಗುತ್ತದೆ. 1600ಕ್ಕೆ 100 ಎಂದಿಟ್ಟರೆ 3400! ತಗಡು ಎರಡರಷ್ಟಕ್ಕಿಂತ ಹೆಚ್ಚು ಬೇಕು. ಗಾಳಿ ಉಜ್ಜಿಕೊಂಡು ಹೋಗಬೇಕಾದ ಗೋಡೆಯೂ ಅಷ್ಟೇ ಹೆಚ್ಚುವುದರಿಂದ ಬೀಸಣಿಗೆಯ ಯಂತ್ರ ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ. ಎಲ್ಲಕ್ಕಿಂತ ಮಿತವ್ಯಯದ್ದು ದುಂಡು ಕೊಳವೆ. ಆದರೆ ಕಟ್ಟಡದ ತೊಲೆಗೂ ಚಾವಣಿಯ ಮರೆಗೂ ನಡುವೆ ಇರುವ ಇಕ್ಕಟ್ಟಿನಲ್ಲಿ ದುಂಡು ಕೊಳವೆ ಹಿಡಿಸುವುದು ಕಷ್ಟ. ಆದುದರಿಂದ ಚೌಕ, ಆಯತ, ದುಂಡು ಎಲ್ಲವನ್ನೂ ಬೆರೆಸಿ ಕಟ್ಟಬೇಕಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಸಾಗುವ ಕಡೆಯಲ್ಲಿಯೇ ಕೆಲಸಗಾರನ ಪರೀಕ್ಷೆ.

ತಗಡು ಮತ್ತು ಹತ್ಯಾರಗಳು

ಡಕ್ಟಿಗೆ ಬಳಸುವುದು ಸತುವಿನ ಲೇಪವುಳ್ಳ ಉಕ್ಕಿನ ತಗಡು. ಅಂಗಡಿಯಲ್ಲಿ ಇದಕ್ಕೆ ‘ಜಿ.ಐ. ಶೀಟು’ ಎಂದು ಹೆಸರು. ಸತುವಿನ ಗುಣ ವಿಚಿತ್ರವಾದದ್ದು. ಅಲ್ಲಲ್ಲಿ ಗೀರು ಬಿದ್ದರೂ ಸತು ತಾನು ಮೊದಲು ಸವೆದು ಪಕ್ಕದ ಉಕ್ಕನ್ನು ತುಕ್ಕಿನಿಂದ ಕಾಯುತ್ತದೆ. ತಗಡಿನ ದಪ್ಪವನ್ನು ‘ಗೇಜು’ ಎಂಬ ಸಂಖ್ಯೆಯಿಂದ ಹೇಳುವ ವಾಡಿಕೆ ಇನ್ನೂ ಇದೆ. ಇಲ್ಲಿ ಹೊಸಬರು ಎಡವುತ್ತಾರೆ: ಸಂಖ್ಯೆ ದೊಡ್ಡದಾದಷ್ಟೂ ತಗಡು ತೆಳ್ಳಗೆ. 24 ಗೇಜಿನ ತಗಡು ಸುಮಾರು 0.63 ಮಿ.ಮೀ., 22 ಗೇಜಿನದು 0.8 ಮಿ.ಮೀ., 20 ಗೇಜಿನದು 1 ಮಿ.ಮೀ. ದಪ್ಪವೆಂದು ಶೆಡ್ಡಿನಲ್ಲಿ ಲೆಕ್ಕ. ಎಷ್ಟು ಅಗಲದ ಕೊಳವೆಗೆ ಎಷ್ಟು ದಪ್ಪದ ತಗಡಿರಬೇಕೆಂಬುದನ್ನು ಭಾರತೀಯ ಮಾನಕ 655 ಗೊತ್ತುಮಾಡಿದೆ. 750 ಮಿ.ಮೀ. ಅಗಲದವರೆಗೆ 0.63 ಮಿ.ಮೀ. ಸಾಕು, ಅಗಲ ಹೆಚ್ಚಿದಂತೆ ದಪ್ಪವೂ ಹೆಚ್ಚಬೇಕು. 2500 ಮಿ.ಮೀ. ಉದ್ದ, 1250 ಮಿ.ಮೀ. ಅಗಲದ 24 ಗೇಜಿನ ಒಂದು ಹಾಳೆ ಸುಮಾರು 15 ಕಿಲೊ ತೂಗುತ್ತದೆ. ಅದನ್ನು ಬಾಗದಂತೆ ಇಬ್ಬರು ಎತ್ತಿ ಮೇಜಿನ ಮೇಲೆ ಮಲಗಿಸುವುದೇ ನಾನು ಕಲಿತ ಮೊದಲ ಪಾಠ. ಅಂಚು ಕತ್ತಿಯಂತಿರುತ್ತದೆ; ಕೈಗವಸಿಲ್ಲದೆ ಹಿಡಿದವನ ಅಂಗೈ ಅದಕ್ಕೆ ಸಾಕ್ಷಿ ಹೇಳುತ್ತದೆ.

ಹತ್ಯಾರಗಳು ಹೆಚ್ಚೇನೂ ಇಲ್ಲ. ಗುರುತು ಹಾಕಲು ಉಕ್ಕಿನ ಅಳತೆಪಟ್ಟಿ, ಮೂಲೆಮಟ್ಟ, ಕೈವಾರ, ಗೀರುವ ಮೊಳೆ; ಕತ್ತರಿಸಲು ನೇರ ಕತ್ತರಿ, ಎಡಕ್ಕೆ ತಿರುಗುವುದೊಂದು, ಬಲಕ್ಕೆ ತಿರುಗುವುದೊಂದು; ಬಡಿಯಲು ಮರದ ಕೊಡತಿ ಮತ್ತು ಚಪ್ಪಟೆ ಮುಖದ ಸುತ್ತಿಗೆ; ಕೆಳಗೆ ಆನಿಸಲು ಒಂದು ರೈಲುಕಂಬಿಯ ತುಂಡು; ಮಡಿಸಲು ಉದ್ದನೆಯ ಎರಡು ದವಡೆಗಳುಳ್ಳ, ಕೈಯಿಂದ ಎತ್ತುವ ಬೆಂಡಿಂಗ್ ಮೆಷಿನ್. ಉಕ್ಕಿನ ಸುತ್ತಿಗೆ ತಗಡನ್ನು ಹಿಗ್ಗಿಸಿ ಕೆಡಿಸುವುದಾದ್ದರಿಂದ ಅಗಲವಾದ ಮೈಯನ್ನು ಬಡಿಯಲು ಕೊಡತಿಯೇ ಬೇಕು. ಗುರುತು ಹಾಕುವುದರಲ್ಲಿಯೂ ಒಂದು ನಿಯಮವಿದೆ. ಗೀರಿದ ಗೆರೆ ಕತ್ತರಿಗೆ, ಪೆನ್ಸಿಲಿನ ಗೆರೆ ಮಡಿಕೆಗೆ. ಮಡಿಸುವ ಕಡೆ ಮೊಳೆಯಿಂದ ಗೀರಿದರೆ ಸತುವು ಕಿತ್ತುಬಂದು ಮಡಿಕೆಯ ಉದ್ದಕ್ಕೂ ತುಕ್ಕು ಹಿಡಿಯುತ್ತದೆ.

ನೇರ ಕೊಳವೆ

400 ಮಿ.ಮೀ. ಅಗಲ, 300 ಮಿ.ಮೀ. ಎತ್ತರದ ನೇರ ಕೊಳವೆಯನ್ನು ಮಾಡಬೇಕಾಗಿದೆ ಎಂದಿಟ್ಟುಕೊಳ್ಳೋಣ. ಇದರ ಸುತ್ತಳತೆ 1400 ಮಿ.ಮೀ. ಎರಡು ತುಂಡುಗಳನ್ನು ಮೂಲೆಯಂತೆ ಮಡಿಸಿ, ಒಂದಕ್ಕೊಂದು ಎದುರಾಗಿ ಸೇರಿಸುವುದು ಸುಲಭವಾದ ಕ್ರಮ. ಹಾಗಾದರೆ ಒಂದೊಂದು ತುಂಡಿನ ಅಗಲ 700 ಮಿ.ಮೀ. ಎಂದು ನಾವು ನೀವು ಹೇಳುತ್ತೇವೆ. ಕೆಲಸಗಾರನು 731 ಎನ್ನುತ್ತಾನೆ. ಆ 31 ಮಿ.ಮೀ. ಎಲ್ಲಿಗೆ ಹೋಗುತ್ತದೆ?

ಅದು ಕೀಲಿಗೆ ಹೋಗುತ್ತದೆ. ಬೆಸುಗೆಯಾಗಲಿ ಅಂಟಾಗಲಿ ಇಲ್ಲದೆ ಎರಡು ತಗಡುಗಳನ್ನು ಮೂಲೆಯಲ್ಲಿ ಕೂಡಿಸಲು ‘ಪಿಟ್ಸ್‌ಬರ್ಗ್ ಲಾಕ್’ ಎಂಬ ಮಡಿಕೆಯಿದೆ. ಒಂದು ತುಂಡಿನ ಅಂಚಿನಲ್ಲಿ ಸುಮಾರು 25 ಮಿ.ಮೀ. ಪಾಲನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿ ಒಂದು ಇಕ್ಕಟ್ಟಾದ ಜೇಬನ್ನು ಮಾಡುತ್ತಾರೆ. ಜೇಬಿನ ಒಂದು ತುಟಿ ಹೊರಕ್ಕೆ ಉದ್ದವಾಗಿ ಚಾಚಿಕೊಂಡಿರುತ್ತದೆ. ಇನ್ನೊಂದು ತುಂಡಿನ ಅಂಚಿನಲ್ಲಿ ಸುಮಾರು 6 ಮಿ.ಮೀ. ಪಾಲನ್ನು ನೆಟ್ಟಗೆ ಮಡಿಸುತ್ತಾರೆ. ಈ 6 ಮಿ.ಮೀ. ಅಂಚನ್ನು ಆ ಜೇಬಿನೊಳಗೆ ಬಡಿದು ಇಳಿಸಿ, ಚಾಚಿದ ತುಟಿಯನ್ನು ಅದರ ಮೇಲಕ್ಕೆ ಸುತ್ತಿಗೆಯಿಂದ ಮಲಗಿಸಿದರೆ ಮುಗಿಯಿತು; ಎರಡು ತುಂಡುಗಳೂ ಒಂದಾಗುತ್ತವೆ. ದರ್ಜಿಯು ಹೊಲಿಗೆಗೆಂದು ಬಟ್ಟೆ ಬಿಡುವಂತೆಯೇ ಇದು. ನಮ್ಮ ಮಾವನವರು ಇದನ್ನು ‘ಮಡಿಕೆಗೆ ಬಿಡೋದು’ ಎನ್ನುತ್ತಾರೆ. ಕೊಳವೆ ಸಿದ್ಧವಾದ ಮೇಲೆ ಹೀಗೆ ಬಿಟ್ಟ ತಗಡು ಅಳತೆಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಆದರೆ ಕೊಳವೆಯನ್ನು ಹಿಡಿದಿರುವುದು ಅದೇ.

ಕೂಡಿಸುವ ಮುಂಚೆ ಇನ್ನೊಂದು ಕೆಲಸವುಂಟು. ಅಗಲವಾದ ಚಪ್ಪಟೆ ತಗಡು ಗಾಳಿಯ ಒತ್ತಡ ಏರಿಳಿದಾಗ ತಮಟೆಯಂತೆ ಶಬ್ದ ಮಾಡುತ್ತದೆ. ಇದನ್ನು ತಡೆಯಲು ಪ್ರತಿಯೊಂದು ಮೈಯ ಮೇಲೂ ಮೂಲೆಯಿಂದ ಮೂಲೆಗೆ ಗುಣಾಕಾರ ಚಿಹ್ನೆಯಂತೆ ಎರಡು ನವುರಾದ ಮಡಿಕೆಗಳನ್ನು ಕೊಡುತ್ತಾರೆ. ಕಣ್ಣಿಗೆ ಅಲಂಕಾರದಂತೆ ಕಂಡರೂ ಇದು ತಗಡಿಗೆ ಬಿಗಿ ಕೊಡುವ ಉಪಾಯ. ಅಂಗೈಯಿಂದ ತಟ್ಟಿ ನೋಡಿದರೆ ಮಡಿಕೆಯಿದ್ದ ತಗಡು ಗಂಭೀರವಾಗಿ ಸದ್ದು ಮಾಡುತ್ತದೆ; ಇಲ್ಲದ ತಗಡು ‘ಡಬಡಬ’ ಎನ್ನುತ್ತದೆ.

ಹೀಗೆ ತಯಾರಾದ ಕೊಳವೆಯ ಎರಡು ತುದಿಗಳಿಗೂ ಕಬ್ಬಿಣದ ಆಂಗಲ್‌ನಿಂದ ಮಾಡಿದ ಚೌಕಟ್ಟನ್ನು ರಿವೆಟ್ ಹೊಡೆದು ಕೂರಿಸುತ್ತಾರೆ. ಪಕ್ಕದ ಕೊಳವೆಯ ಚೌಕಟ್ಟನ್ನು ಇದಕ್ಕೆ ಎದುರಿಟ್ಟು, ನಡುವೆ ರಬ್ಬರಿನ ಪಟ್ಟಿ ಕೊಟ್ಟು, ಬೋಲ್ಟಿನಿಂದ ಬಿಗಿಯುತ್ತಾರೆ. ಸಂದುಗಳಲ್ಲಿ ಗಾಳಿ ಸೋರದಂತೆ ಲೇಪ ಹಚ್ಚುತ್ತಾರೆ. ತಂಪುಗಾಳಿಯ ಕೊಳವೆಯಾದರೆ ಹೊರಗೆ ಶಾಖ ತಡೆಯುವ ಹೊದಿಕೆಯೂ ಬೇಕು. ಇಲ್ಲದಿದ್ದರೆ, ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವಂತೆ, ಕೊಳವೆಯ ಹೊರಮೈಯಲ್ಲಿ ನೀರು ಹನಿಗಟ್ಟಿ ಚಾವಣಿಯ ಮರೆಯನ್ನು ಕೆಡಿಸುತ್ತದೆ. ಮಂಗಳೂರಿನಂತಹ ತೇವದ ಊರುಗಳಲ್ಲಿ ಈ ತೊಂದರೆ ಬೆಂಗಳೂರಿಗಿಂತ ಹೆಚ್ಚು.

ನಾನು ಮಾಡಿದ ತಪ್ಪು

ಎರಡನೆಯ ರಜೆಯಲ್ಲಿ ಒಂದು ಆಸ್ಪತ್ರೆಯ ಕೆಲಸ ಬಂತು. ಹಳೆಯ ಕೊಳವೆಗಳು ತುಕ್ಕು ಹಿಡಿದಿದ್ದವು. ಶಸ್ತ್ರಚಿಕಿತ್ಸೆಯ ಕೊಠಡಿಯನ್ನು ಶನಿವಾರ ಸಂಜೆ ಮುಚ್ಚಿ ಸೋಮವಾರ ಬೆಳಿಗ್ಗೆ ತೆರೆಯಬೇಕೆಂಬುದು ಕರಾರು. ಸೋಮವಾರಕ್ಕೆ ರೋಗಿಗಳ ಹೆಸರು ಪಟ್ಟಿಯಲ್ಲಿ ಬರೆದಾಗಿತ್ತು. ಹಳೆಯ ದಾರಿಯಿಂದ ಕವಲೊಡೆಯುವ ಎಂಟು ದುಂಡು ಕೊರಳುಗಳ ಮೇಲೆ 300 ಮಿ.ಮೀ. ಒಳವ್ಯಾಸದ ಎಂಟು ಹೊಸ ತುಂಡುಗಳು ಏರಿ ಕೂರಬೇಕಾಗಿತ್ತು. ಅವುಗಳಿಗೆ ಗುರುತು ಹಾಕಿ ಕತ್ತರಿಸುವ ಕೆಲಸವನ್ನು ಮಾವನವರು ನಂಬಿ ನನಗೆ ಒಪ್ಪಿಸಿದರು.

ನಾನು ಶಾಲೆಯಲ್ಲಿ ಕಲಿತಂತೆ ಮಾಡಿದೆ. ವ್ಯಾಸ 300, ಅದನ್ನು 22ರಿಂದ ಗುಣಿಸಿ 7ರಿಂದ ಭಾಗಿಸಿದರೆ ಸುಮಾರು 943. ಎಂಟು ತುಂಡುಗಳನ್ನೂ 943 ಮಿ.ಮೀ. ಉದ್ದಕ್ಕೆ ಕತ್ತರಿಸಿ, ದುಂಡಗೆ ಸುತ್ತಿ, ಅಂಚುಗಳನ್ನು 6 ಮಿ.ಮೀ. ಮಡಿಸಿ, ಒಂದಕ್ಕೊಂದು ಕೊಕ್ಕೆಯಂತೆ ಸಿಕ್ಕಿಸಿ ಬಡಿದೆ. ನೋಡಲು ಚೆನ್ನಾಗಿಯೇ ಇದ್ದವು. ಶನಿವಾರ ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಏಣಿಯ ಮೇಲೆ ನಿಂತ ಕೆಲಸಗಾರನು ಮೊದಲ ತುಂಡನ್ನು ಕೊರಳಿಗೆ ಹಿಡಿದ, ಏರಲಿಲ್ಲ. ಎರಡನೆಯದೂ ಏರಲಿಲ್ಲ. ಎಂಟೂ ಅಷ್ಟೇ.

ಮಾವನವರು ಒಂದು ತುಂಡನ್ನು ಕೈಗೆ ತೆಗೆದುಕೊಂಡು ಅಳೆದರು. ಒಳವ್ಯಾಸ 294.

“ಏನೋ ಅಳಿಯ, ಮಡಿಕೆಗೆ ಬಿಟ್ಟಿದ್ದೀಯೇನೋ?”

“ಇಲ್ಲ ಮಾವ... ಲೆಕ್ಕ ಸರಿಯಾಗಿಯೇ ಇತ್ತು.”

“ಲೆಕ್ಕ ಸರಿ ಕಣೋ. ಕೊಳವೆ ಲೆಕ್ಕ ಹಾಕ್ದೆ, ಕೀಲಿ ಲೆಕ್ಕ ಯಾರು ಹಾಕ್ತಾರೆ?”

ಅಷ್ಟೇ ಅವರು ಆಡಿದ್ದು. ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ.

ತಪ್ಪಿನ ಲೆಕ್ಕ ಹೀಗಿದೆ. ಕೊಕ್ಕೆಯಂತೆ ಸಿಕ್ಕಿಸುವ ಈ ಕೀಲಿಯಲ್ಲಿ ತಗಡು ಒಂದರ ಮೇಲೊಂದು ಪದರವಾಗಿ ಮಲಗುತ್ತದೆ. ಆದ್ದರಿಂದ ಮಡಿಕೆಯ ಅಗಲದ ಮೂರರಷ್ಟು ತಗಡು, ಅಂದರೆ 6 ಮಿ.ಮೀ. ಮಡಿಕೆಗೆ 18 ಮಿ.ಮೀ., ಕೀಲಿಯಲ್ಲಿಯೇ ಕರಗಿಹೋಗುತ್ತದೆ. ನಾನು 943ರ ಬದಲು 961 ಇಡಬೇಕಾಗಿತ್ತು; ಇಡದಿದ್ದುದರಿಂದ ಸುತ್ತಳತೆಗೆ 925 ಮಾತ್ರ ಉಳಿದು ವ್ಯಾಸ 294ಕ್ಕೆ ಇಳಿಯಿತು. ಆರು ಮಿಲಿಮೀಟರು! ಪರೀಕ್ಷೆಯಲ್ಲಾಗಿದ್ದರೆ ಅರ್ಧ ಅಂಕ ಹೋಗುತ್ತಿತ್ತು. ಇಲ್ಲಿ ಎಂಟು ತುಂಡು ತಗಡು ಹೋಯಿತು, ಅರ್ಧ ರಾತ್ರಿ ಹೋಯಿತು, ಸೋಮವಾರದ ರೋಗಿಗಳ ಪಟ್ಟಿ ನನ್ನ ತಲೆಯ ಮೇಲೆ ಕುಳಿತಿತ್ತು.

ಚೌಕದಿಂದ ವೃತ್ತಕ್ಕೆ

ಕಷ್ಟ ಒಂದೇ ಬರುವುದಿಲ್ಲವಷ್ಟೆ. ಅದೇ ರಾತ್ರಿ ಇನ್ನೊಂದು ತೊಡಕು ಕಾಣಿಸಿತು. ಯಂತ್ರದ ಕಡೆಯ ಚೌಕ ಬಾಯಿಯನ್ನು ಮುಂದಿನ ದುಂಡು ಕೊಳವೆಗೆ ಸೇರಿಸುವ ತುಂಡೊಂದನ್ನು ನಕ್ಷೆಯಂತೆ ಮೊದಲೇ ಮಾಡಿ ತಂದಿದ್ದೆವು. ಆದರೆ ನಕ್ಷೆಯಲ್ಲಿ ಕಾಣದ ತೊಲೆಯೊಂದು ಅಲ್ಲಿ ಅಡ್ಡವಾಗಿತ್ತು. ದುಂಡು ಬಾಯಿಯನ್ನು ಒಂದು ಪಕ್ಕಕ್ಕೆ ಸರಿಸದೆ ಗತ್ಯಂತರವಿರಲಿಲ್ಲ. ಈ ತುಂಡಿನ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಡೀ ಕಸುಬಿನ ಸಾರ ಇದರಲ್ಲಿದೆ.

ಮೊದಲು ಅಡುಗೆಮನೆಯ ಲಾಳಿಕೆಯನ್ನು ನೆನೆಸಿಕೊಳ್ಳಿ. ಅದನ್ನು ಉದ್ದಕ್ಕೆ ಕತ್ತರಿಸಿ ಮೇಜಿನ ಮೇಲೆ ಹರವಿದರೆ ಬೀಸಣಿಗೆಯ ಆಕಾರ ಸಿಗುತ್ತದೆ. ಅಂದಮೇಲೆ ಆ ಬೀಸಣಿಗೆಯನ್ನೇ ಮೊದಲು ಬರೆದು ಕತ್ತರಿಸಿ ಸುತ್ತಿದರೆ ಲಾಳಿಕೆ ಸಿಗಬೇಕು. ಹೀಗೆ ಘನವಸ್ತುವೊಂದರ ಮೈಯನ್ನು ಸಮತಲದ ಮೇಲೆ ಬಿಡಿಸಿ ಬರೆಯುವುದಕ್ಕೆ ‘ಹರವು’ ಎನ್ನೋಣ. ಬಾಗಿದ ಮೈಗಳನ್ನು ಸಮತಲದ ಚಿತ್ರಗಳಿಂದ ಅಳೆಯುವ ರೇಖಾಗಣಿತವನ್ನು ಶಾಸ್ತ್ರವಾಗಿ ಬೆಳೆಸಿದವನು ಫ್ರಾನ್ಸಿನ ಗಾಸ್ಪಾರ್ ಮೊಂಜ್. ಕೋಟೆಯ ಗೋಡೆಗಳ ರಚನೆಗೆ ಇದು ಉಪಯೋಗಕ್ಕೆ ಬಂದುದರಿಂದ ಸೈನ್ಯದವರು ಹಲವು ವರ್ಷ ಇದನ್ನು ಗುಟ್ಟಾಗಿಟ್ಟಿದ್ದರು. 1795ರಲ್ಲಿ ಪ್ಯಾರಿಸ್ಸಿನಲ್ಲಿ ಆತನು ಬಹಿರಂಗವಾಗಿ ಪಾಠ ಹೇಳಿದನು. ಒಂದು ಕಾಲಕ್ಕೆ ರಾಜರಹಸ್ಯವಾಗಿದ್ದ ಈ ಬಗೆಯ ವಿದ್ಯೆಯನ್ನು ನಮ್ಮ ಊರುಗಳಲ್ಲಿ ಡಬ್ಬಿ, ಲಾಳಿಕೆ, ಟ್ರಂಕು ಮಾಡುವವರು ದಿನವೂ ಕೈಯಲ್ಲಿ ಆಡಿಸುತ್ತಾರೆ.

ಈಗ ಚೌಕದಿಂದ ವೃತ್ತಕ್ಕೆ ಸಾಗುವ ತುಂಡು. ಕೆಳಗೆ 600 ಮಿ.ಮೀ. ಚೌಕ, ಮೇಲೆ 400 ಮಿ.ಮೀ. ವ್ಯಾಸದ ವೃತ್ತ, ನಡುವೆ 300 ಮಿ.ಮೀ. ಎತ್ತರ, ವೃತ್ತವು ಚೌಕದ ನಟ್ಟನಡುವೆ ಇದೆಯೆಂದು ಮೊದಲು ಇಟ್ಟುಕೊಳ್ಳೋಣ. ವೃತ್ತದ ಪರಿಧಿಯನ್ನು 12 ಸಮಭಾಗ ಮಾಡಬೇಕು. ಆಗ ಚೌಕದ ಪ್ರತಿಯೊಂದು ಮೂಲೆಯ ಎದುರಿಗೂ ನಾಲ್ಕು ಬಿಂದುಗಳು ಬರುತ್ತವೆ. ಮೂಲೆಯಿಂದ ಆ ನಾಲ್ಕಕ್ಕೂ ಗೆರೆ ಎಳೆದರೆ ಬಾಗಿದ ಮೈ ತ್ರಿಭುಜಗಳಾಗಿ ಒಡೆಯುತ್ತದೆ. ತ್ರಿಭುಜದ ಮೂರು ಬದಿ ತಿಳಿದರೆ ಕೈವಾರದಿಂದ ಅದನ್ನು ಎಲ್ಲಿ ಬೇಕಾದರೂ ಬರೆಯಬಹುದಲ್ಲವೆ?

ತೊಡಕೆಂದರೆ, ಮೇಲಿನಿಂದ ನೋಡಿ ಬರೆದ ನಕ್ಷೆಯಲ್ಲಿ ಈ ಗೆರೆಗಳು ನಿಜವಾದ ಉದ್ದವನ್ನು ತೋರಿಸುವುದಿಲ್ಲ. ಅವು ಓರೆಯಾಗಿ ಮೇಲೇರುತ್ತಿವೆ. ನಿಜವಾದ ಉದ್ದಕ್ಕೆ ಒಂದು ಲಂಬಕೋನ ತ್ರಿಭುಜ ಬೇಕು: ನಕ್ಷೆಯ ಉದ್ದ ಒಂದು ಬದಿ, ಎತ್ತರ ಇನ್ನೊಂದು ಬದಿ, ನಮಗೆ ಬೇಕಾದದ್ದು ಕರ್ಣ. ಪೈಥಾಗೊರಸ್ಸನ ಹೆಸರಿನಲ್ಲಿ ನಾವು ಕಲಿತ, ನಮ್ಮ ಬೌಧಾಯನ ಶುಲ್ಬಸೂತ್ರವೂ ಯಜ್ಞವೇದಿಕೆಯ ಅಳತೆಗಾಗಿ ಹೇಳಿರುವ ಪ್ರಮೇಯವೇ ಇದು. ‘ಶುಲ್ಬ’ ಎಂದರೆ ಹಗ್ಗ, ಅಳೆಯುವ ಹಗ್ಗ. ನಮ್ಮ ಉದಾಹರಣೆಯಲ್ಲಿ ಮೂಲೆಯಿಂದ ಆಚೀಚೆಯ ಎರಡು ಬಿಂದುಗಳಿಗೆ ನಕ್ಷೆಯ ದೂರ 316 ಮಿ.ಮೀ., ನಿಜವಾದ ದೂರ 436. ನಡುವಿನ ಎರಡು ಬಿಂದುಗಳಿಗೆ ನಕ್ಷೆಯ ದೂರ 237, ನಿಜವಾದ ದೂರ 382. ವೃತ್ತದ ಒಂದು ಭಾಗ ಸುಮಾರು 105 ಮಿ.ಮೀ.

ಇನ್ನು ಹರವನ್ನು ಬರೆಯುವುದು. ತಗಡಿನ ಮೇಲೆ 600 ಮಿ.ಮೀ. ಗೆರೆ ಎಳೆದು, ಎರಡು ತುದಿಗಳಿಂದಲೂ 436ರ ಕಂಸ ಹಾಕಿದರೆ ಮೇಲೆ ಒಂದು ಬಿಂದು ಸಿಗುತ್ತದೆ. ಇದು ಚಪ್ಪಟೆಯಾಗಿಯೇ ಉಳಿಯುವ ದೊಡ್ಡ ತ್ರಿಭುಜ. ಆ ಬಿಂದುವಿನಿಂದ 105ರ ಕಂಸ, ಮೂಲೆಯಿಂದ 382ರ ಕಂಸ. ಅವು ಸೇರಿದಲ್ಲಿ ಎರಡನೆಯ ಬಿಂದು. ಅಲ್ಲಿಂದ ಮತ್ತೆ 105, ಮೂಲೆಯಿಂದ ಮತ್ತೆ 382. ಆಮೇಲೆ 105, ಮೂಲೆಯಿಂದ 436. ಮೂಲೆಯೊಂದು ಮುಗಿಯಿತು. ಹೀಗೆಯೇ ಎರಡು ಪಕ್ಕಕ್ಕೂ ಸಾಗಿ, ಮುಂದಿನ ಬದಿಯ ನಡುಮಧ್ಯದಲ್ಲಿ ನಿಲ್ಲಿಸಿದರೆ ತುಂಡಿನ ಅರ್ಧಭಾಗ ಸಿದ್ಧ. ಅಂತಹ ಎರಡು ಅರ್ಧಗಳು ಸೇರಿದರೆ ಪೂರ್ಣ. ಇಲ್ಲಿ ಒಂದು ಸೊಗಸಾದ ತಾಳೆ ಇದೆ. ಅರ್ಧದ ಅಂಚಿನಲ್ಲಿ ಕೀಲಿಯ ಗೆರೆಯ ಉದ್ದ 316 ಬರಬೇಕು, ಅದು ಚೌಕದ ಅರ್ಧಬದಿಗೆ, ಅಂದರೆ 300ಕ್ಕೆ, ಸರಿಯಾಗಿ ಲಂಬವಾಗಿರಬೇಕು. ಮೂಲೆಮಟ್ಟ ಇಟ್ಟು ನೋಡಿ ಅದು ಕೂತರೆ ಉಳಿದ ಗೆರೆಗಳನ್ನೂ ನಂಬಬಹುದು. ಕೊನೆಯಲ್ಲಿ, ಮರೆಯದೆ, ಮಡಿಕೆಗೆ ಬಿಡಬೇಕು.

ಆ ರಾತ್ರಿ ವೃತ್ತ ಒಂದು ಪಕ್ಕಕ್ಕೆ ಸರಿದಿದ್ದುದರಿಂದ ಈ ಎರಡು ಅಳತೆಗಳ ಬದಲು ಎಂಟು ಅಳತೆಗಳು ಬೇಕಾದವು. ಮಾವನವರು ಎಂಟನೆಯ ತರಗತಿಗೆ ಶಾಲೆ ಬಿಟ್ಟವರು. ವರ್ಗಮೂಲವೆಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ. ಅವರು ಆಸ್ಪತ್ರೆಯ ಪಡಸಾಲೆಯ ನೆಲದ ಮೇಲೆ ಚೌಕವನ್ನೂ ವೃತ್ತವನ್ನೂ ಸೀಮೆಸುಣ್ಣದಿಂದ ಪೂರ್ತಿ ಅಳತೆಗೆ ಬರೆದರು. ಪಕ್ಕದಲ್ಲಿ ಮೂಲೆಮಟ್ಟ ನಿಲ್ಲಿಸಿ, ಅದರ ನೆಟ್ಟಗಿನ ತೋಳಿನಲ್ಲಿ ಎತ್ತರವನ್ನು ಗುರುತಿಸಿದರು. ಕೈವಾರದಿಂದ ನಕ್ಷೆಯ ಉದ್ದವನ್ನು ಎತ್ತಿ ಕೆಳಗಿನ ತೋಳಿನ ಮೇಲಿಟ್ಟು, ಓರೆಯಾಗಿ ಅಳೆದರು. ಎಂಟು ಸಲ. ಕಾಗದವಿಲ್ಲ, ಲೆಕ್ಕವಿಲ್ಲ, ಫೋನೂ ಇಲ್ಲ. ನಾನು ಪಕ್ಕದಲ್ಲಿ ಕುಳಿತು ಅದೇ ಎಂಟನ್ನು ಫೋನಿನಲ್ಲಿ ಲೆಕ್ಕ ಹಾಕಿದೆ. ಯಾವುದೊಂದರಲ್ಲೂ ನಮ್ಮಿಬ್ಬರಿಗೆ ಎರಡು ಮಿಲಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಬರಲಿಲ್ಲ. ನಾನು ಪ್ರಮೇಯವನ್ನು ಬಲ್ಲೆ. ಅದು ಏಕೆ ಬೇಕೆಂಬುದನ್ನು ಅವರು ಬಲ್ಲರು. ಆ ಪಡಸಾಲೆಯಲ್ಲಿ ಎರಡೂ ಮೊದಲ ಬಾರಿಗೆ ನನ್ನೊಳಗೆ ಕೂಡಿದವು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹೊಸ ಎಂಟು ಕೊರಳುಗಳೂ ಓರೆ ತುಂಡೂ ಕೂತವು. ಹೊಸ ಕೊರಳುಗಳಿಗೆ ನಾನೇ ಗುರುತು ಹಾಕಿದೆ. ಒಂದೊಂದರ ಮೇಲೂ 961 ಎಂದು ಬರೆಯುವಾಗ ಕೈ ನಡುಗುತ್ತಿತ್ತು. ಸೋಮವಾರ ಬೆಳಿಗ್ಗೆ ಕೊಠಡಿ ತೆರೆಯಿತು. ಹಾಳಾದ ಎಂಟು ತುಂಡುಗಳ ಬೆಲೆಯನ್ನು ನನ್ನ ಕೂಲಿಯಲ್ಲಿ ಹಿಡಿಯುವರೆಂದುಕೊಂಡಿದ್ದೆ, ಹಿಡಿಯಲಿಲ್ಲ. ಅವುಗಳಲ್ಲಿ ಒಂದನ್ನು ಮಾತ್ರ ಶೆಡ್ಡಿನ ಗೋಡೆಗೆ ತೂಗುಹಾಕಿದ್ದಾರೆ.

ಕೈ ಮತ್ತು ಯಂತ್ರ

ಈ ಕಸುಬನ್ನು ಹೊಗಳಿ ಮಾತ್ರ ಮುಗಿಸುವುದು ನ್ಯಾಯವಲ್ಲ. ವರ್ಷಗಟ್ಟಲೆ ತಗಡು ಬಡಿದವರ ಕಿವಿ ಮಂದವಾಗುತ್ತದೆ. ಮಾವನವರೊಡನೆ ಎಡಗಡೆ ಕುಳಿತು ಮಾತನಾಡಿದರೆ ಎರಡು ಸಲ ಹೇಳಬೇಕು. ಸತುವಿನ ಲೇಪದ ಮೇಲೆ ವೆಲ್ಡಿಂಗ್ ಮಾಡಿದರೆ ಏಳುವ ಬಿಳಿಯ ಹೊಗೆಯನ್ನು ಉಸಿರಾಡಿದವನಿಗೆ ಕೆಲವು ಗಂಟೆಗಳ ಮೇಲೆ ಚಳಿಜ್ವರ ಬರುತ್ತದೆ. ಕಿವಿಗೆ ಮುಚ್ಚಳ, ಕೈಗೆ ಗವಸು, ಕಣ್ಣಿಗೆ ಕನ್ನಡಕ ಇವು ಇರಬೇಕಾದದ್ದು ನಿಜ. ಸಣ್ಣ ಶೆಡ್ಡುಗಳಲ್ಲಿ ಇವು ಮೊಳೆಗೆ ತೂಗಿದ್ದರೂ ಮೈಮೇಲೆ ಇರುವುದು ಅಪರೂಪ.

ಇನ್ನು ಯಂತ್ರದ ಮಾತು. ದೊಡ್ಡ ಕಾರ್ಖಾನೆಗಳಲ್ಲಿ ಈಗ ಸುರುಳಿ ಸುತ್ತಿದ ತಗಡನ್ನು ಒಂದು ಕಡೆ ಕೊಟ್ಟರೆ, ಮಡಿಕೆ, ಕೀಲಿ, ಬಿಗಿಯ ಏಣುಗಳೆಲ್ಲ ಸೇರಿ ಇನ್ನೊಂದು ಕಡೆ ಕೊಳವೆ ಹೊರಬರುತ್ತದೆ. ನಾನು ಮೇಲೆ ವಿವರಿಸಿದ ತ್ರಿಭುಜಗಳ ಲೆಕ್ಕವನ್ನು ಕಂಪ್ಯೂಟರು ಕ್ಷಣದಲ್ಲಿ ಮಾಡುತ್ತದೆ. ಪ್ಲಾಸ್ಮಾ ಎಂಬ ಕಾದ ಅನಿಲದ ಮೊನೆ ಹರವನ್ನು ತಾನೇ ಕತ್ತರಿಸುತ್ತದೆ. ಮಡಿಕೆಗೆ ಬಿಡಲು ಅದು ಮರೆಯುವುದೂ ಇಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇದನ್ನು ತಪ್ಪೆನ್ನಲಾರೆ. ತಗಡು ಉಳಿಯುತ್ತದೆ, ಬೆಲೆ ಇಳಿಯುತ್ತದೆ, ಕಿವಿಗಳೂ ಉಳಿಯುತ್ತವೆ. ಆದರೆ ನೇರ ಕೊಳವೆಯ ಕೆಲಸ ಮಾವನವರ ಶೆಡ್ಡಿಗೆ ಬರುವುದು ಬಹುಮಟ್ಟಿಗೆ ನಿಂತಿದೆ. ಮೊದಲ ರಜೆಯಲ್ಲಿ ಅಲ್ಲಿ ಏಳು ಜನ ಕೆಲಸಕ್ಕಿದ್ದರು. ಎರಡನೆಯ ರಜೆಯಲ್ಲಿ ನನ್ನನ್ನು ಸೇರಿಸಿ ನಾಲ್ವರು. ಉಳಿದಿರುವುದು ದುರಸ್ತಿ, ಜೋಡಣೆ, ಮತ್ತು ನಕ್ಷೆಯಲ್ಲಿ ಕಾಣದ ತೊಲೆಗಳ ಕೆಲಸ. ಅಂತಹ ತೊಲೆಗಳು ಹಳೆಯ ಕಟ್ಟಡಗಳಲ್ಲಿ ಇದ್ದೇ ಇರುತ್ತವೆ. ಆದರೆ ಅವುಗಳನ್ನು ನಂಬಿ ಒಬ್ಬ ಹುಡುಗ ಈ ಕಸುಬನ್ನು ಕಲಿಯಲು ಬರುವನೆ? ಮಾವನವರಿಗೂ ಇದಕ್ಕೆ ಉತ್ತರ ಗೊತ್ತಿಲ್ಲ. ಅವರ ಮಗ ಮೊಬೈಲಿನ ಅಂಗಡಿಯಲ್ಲಿದ್ದಾನೆ.

ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಮಾವನವರ ಶೆಡ್ಡಿನಲ್ಲಿ ಒಂದು ಹಳೆಯ ಇಂಗ್ಲಿಷ್ ಪುಸ್ತಕವಿದೆ. ಹರವುಗಳ ಚಿತ್ರ ತುಂಬಿದ ಪುಸ್ತಕ. ಅವರು ಚಿತ್ರಗಳನ್ನು ಮಾತ್ರ ಓದುತ್ತಾರೆ. ಇತ್ತ ಅವರ ಬಾಯಲ್ಲಿ ಇರುವ ಕನ್ನಡದ ಮಾತುಗಳು, ‘ಮಡಿಕೆಗೆ ಬಿಡೋದು’, ‘ತಗಡು ಮುನಿಯಿತು’, ‘ಮೂಲೆ ಉಸಿರಾಡ್ತಿದೆ’ ಎಂಬಂತಹವು, ನಾನು ನೋಡಿದ ಯಾವ ಪುಸ್ತಕದಲ್ಲಿಯೂ ಸಿಗಲಿಲ್ಲ. ಬಡಿದು ಬಡಿದು ನಡುವೆ ಉಬ್ಬಿದ ತಗಡು ‘ಮುನಿಯುತ್ತದೆ’. ಗಾಳಿ ಸೋರುವ ಮೂಲೆ ‘ಉಸಿರಾಡುತ್ತದೆ’. ಕನ್ನಡವನ್ನು ಐಚ್ಛಿಕವಾಗಿ ಓದುವ ನಮ್ಮಂಥವರು ಕಾವ್ಯದ ಪದಗಳಿಗೆ ಕೊಡುವ ಗಮನದಲ್ಲಿ ಸ್ವಲ್ಪವನ್ನು ಇವುಗಳಿಗೂ ಕೊಡಬಾರದೆ? ನಮ್ಮಲ್ಲಿ ಹಲವರ ಮನೆಗಳಲ್ಲಿ ನೇಕಾರರು, ಗಾರೆ ಕೆಲಸದವರು, ಬಡಗಿಗಳು, ಕಲಾಯಿ ಹಾಕುವವರು ಇದ್ದಾರೆ. ಒಬ್ಬೊಬ್ಬರೂ ರಜೆಯಲ್ಲಿ ಒಂದೊಂದು ಕಸುಬಿನ ಕ್ರಮವನ್ನೂ ಮಾತನ್ನೂ ಬರೆದುಕೊಂಡು ಬಂದರೆ, ಅಧ್ಯಾಪಕರು ತಿದ್ದಿಕೊಟ್ಟರೆ, ಈ ಸಂಚಿಕೆಯ ಪುಟಗಳಿಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲವೆಂದು ನನ್ನ ವಿನಮ್ರ ಅಭಿಪ್ರಾಯ.

ಈ ವರ್ಷ ಕಾಲೇಜು ತೆರೆದಾಗ ಗೆಳೆಯರು ಮತ್ತೆ ಕೇಳಿದರು, ರಜೆಯಲ್ಲಿ ಏನು ಮಾಡಿದೆಯೆಂದು. ತಗಡಿನ ಕೆಲಸ ಮಾಡಿದೆ ಎಂದೆ. ಒಬ್ಬನು ನಕ್ಕನು, ಇನ್ನೊಬ್ಬನು ತನ್ನ ತಂದೆಯೂ ಟಿಂಕರಿಂಗ್ ಮಾಡುವರೆಂದು ಆಗ ಮೊದಲ ಸಲ ಹೇಳಿದನು. ಬರುವ ರಜೆಗೂ ಪೀಣ್ಯಕ್ಕೆ ಹೋಗುವವನಿದ್ದೇನೆ. 294 ಮಿ.ಮೀ. ವ್ಯಾಸದ ಆ ತುಂಡು ಇನ್ನೂ ಗೋಡೆಯ ಮೇಲೆಯೇ ಇದೆಯಂತೆ. ಹೊಸಬರು ಬಂದಾಗ ಮಾವನವರು ಅದನ್ನು ತೋರಿಸಿ ಪಾಠ ಶುರುಮಾಡುತ್ತಾರಂತೆ.